ಪತ್ರೊಡೆ ತಿಂದರೆ ಗಂಟಲು ಕೆರೆಯುತ್ತಿದೆ: ದೋಷ ಎಲೆಯದೋ, ಬೇಯಿಸಿದ ಕ್ರಮದ್ದೋ?

ಪ್ರಶ್ನೆ (ಆಟಿಮನೆ):
ಎಲ್ಲರಿಗೂ ನಮಸ್ಕಾರ. ನನ್ನ ತವರು ಪುತ್ತೂರಿನ ಕಡೆ. ಈಗ ಬೆಂಗಳೂರಿನಲ್ಲಿ ಸಂಸಾರ. ಮಳೆಗಾಲದ ಆಟಿ (ತುಳು) ತಿಂಗಳಿನಲ್ಲಿ ಒಮ್ಮೆಯಾದರೂ ಪತ್ರೊಡೆ ಮಾಡದಿದ್ದರೆ ನನಗೆ ಸಮಾಧಾನವಿಲ್ಲ. ಕಳೆದ ಭಾನುವಾರ ಎರಡು ಲೋಟ ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸು, ತೆಂಗಿನತುರಿ, ಬೆಲ್ಲ ಮತ್ತು ಅಡಿಕೆಯಷ್ಟು ಹುಣಸೆಹಣ್ಣು ಸೇರಿಸಿ ರುಬ್ಬಿ, ಹತ್ತು ಕೆಸುವಿನ ಎಲೆಗಳಿಗೆ ಸವರಿ ಎರಡು ಸುರುಳಿ ಮಾಡಿ, ಇಡ್ಲಿ ಪಾತ್ರೆಯಲ್ಲಿ 25 ನಿಮಿಷ ಬೇಯಿಸಿದೆ. ರುಚಿ ಚೆನ್ನಾಗಿಯೇ ಇತ್ತು. ಆದರೆ ಎರಡನೆಯ ತುತ್ತಿಗೇ ಮಗನಿಗೆ ನಾಲಿಗೆ ಚುರುಚುರು ಎಂದಿತು. ಅತ್ತೆಯವರು ತಟ್ಟೆ ಬದಿಗಿಟ್ಟು ಬೆಲ್ಲ ಕೇಳಿದರು. ಆರು ಎಲೆಗಳನ್ನು ಮಾರುಕಟ್ಟೆಯಿಂದ ತಂದಿದ್ದೆ, ನಾಲ್ಕನ್ನು ಪಕ್ಕದ ಮನೆಯವರು ತಮ್ಮ ಕುಂಡದ ಗಿಡದಿಂದ ಕೊಯ್ದು ಕೊಟ್ಟಿದ್ದರು. ಎಲ್ಲಿ ತಪ್ಪಾಯಿತೆಂದು ದಯವಿಟ್ಟು ತಿಳಿಸಿಕೊಡಿ.

ಉತ್ತರ (ಗೆಡ್ಡೆತೋಟ):
ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಕುಂಡದ ಗಿಡದಲ್ಲಿ ತೊಟ್ಟು ಎಲೆಗೆ ಎಲ್ಲಿ ಸೇರಿದೆ? ಕೆಸುವಿನಲ್ಲಿ ತೊಟ್ಟು ಎಲೆಯ ಬೆನ್ನಿಗೆ, ಸೀಳಿನ ಮೂಲೆಯಿಂದ ತುಸು ಒಳಗೆ ಕೂಡಿಕೊಂಡಿರುತ್ತದೆ. ಎಲೆಯ ತುದಿ ನೆಲದತ್ತ ಬಾಗಿರುತ್ತದೆ. ಮೇಲೆ ನೀರು ಚಿಮುಕಿಸಿದರೆ ಒದ್ದೆಯಾಗದೆ ಮುತ್ತಿನಂತೆ ಉರುಳಿ ಹೋಗುತ್ತದೆ. ಅಲಂಕಾರಕ್ಕೆಂದು ಬೆಳೆಸುವ ಅಲೊಕೇಸಿಯಾದಲ್ಲಿ ಬಲಿತ ಎಲೆಯ ತೊಟ್ಟು ಸಾಮಾನ್ಯವಾಗಿ ಸೀಳಿನ ಮೂಲೆಯಲ್ಲಿಯೇ ಸೇರುತ್ತದೆ, ಎಲೆ ಹೊಳೆಯುತ್ತದೆ, ಹಲವು ಬಗೆಗಳಲ್ಲಿ ತುದಿ ಮೇಲ್ಮುಖವಾಗಿರುತ್ತದೆ. ನೋಡಿ ತಿಳಿಸಿ. ಅಂದು ಉಳಿದ ಸುರುಳಿ ಇನ್ನೂ ಇದ್ದರೆ ನಡುವೆ ಕತ್ತರಿಸಿ, ಒಳಗಿನ ಎಲೆಯ ಬಣ್ಣ ಹೇಗಿದೆಯೆಂದು ಹೇಳಿ.

ಆಟಿಮನೆ:
ಈಗಷ್ಟೇ ನೋಡಿ ಬಂದೆ. ಕುಂಡದ ಗಿಡದ ಎಲೆ ಮೇಣ ಉಜ್ಜಿದಂತೆ ಹೊಳೆಯುತ್ತಿದೆ, ತೊಟ್ಟು ಸೀಳಿನ ಮೂಲೆಯಲ್ಲೇ ಇದೆ, ತುದಿ ಮೇಲಕ್ಕಿದೆ. ಫ್ರಿಜ್ಜಿನಲ್ಲಿದ್ದ ಸುರುಳಿಯನ್ನು ಕತ್ತರಿಸಿದಾಗ ಹೊರಗಿನ ಎರಡು ಸುತ್ತು ಮಂಕಾದ ಕಂದುಹಸಿರಾಗಿದ್ದು, ನಡುವಿನ ಸುತ್ತುಗಳು ಮಾತ್ರ ಇನ್ನೂ ಹಚ್ಚಹಸಿರಾಗಿವೆ.

ಉತ್ತರ (ಗೆಡ್ಡೆತೋಟ):
ಹಾಗಿದ್ದರೆ ತಪ್ಪು ಒಂದಲ್ಲ, ಮೂರು. ಮೊದಲನೆಯದು ಕುಂಡದ ಎಲೆ. ಅದು ಕೆಸುವಲ್ಲ, ಉಳಿದ ಪತ್ರೊಡೆಯನ್ನು ಯಾರಿಗೂ ಕೊಡದೆ ಎಸೆದುಬಿಡಿ. ಗುರುತು ಖಚಿತವಾಗದ ಎಲೆಯನ್ನು ಎಷ್ಟು ಹೊತ್ತು ಬೇಯಿಸಿದರೂ ಭರವಸೆಯಿಂದ ತಿನ್ನುವಂತಿಲ್ಲ. ಚರಂಡಿ, ರಾಜಕಾಲುವೆಗಳ ಅಂಚಿನಲ್ಲಿ ಬೆಳೆದದ್ದು ನಿಜವಾದ ಕೆಸುವೇ ಆಗಿದ್ದರೂ ಕೊಯ್ಯಬೇಡಿ, ಕೊಳಚೆ ನೀರಿನಲ್ಲಿರುವುದೆಲ್ಲ ಗಿಡಕ್ಕೂ ಸೇರುತ್ತದೆ.

ಇನ್ನೆರಡು ತಪ್ಪುಗಳು ಹುಳಿ ಮತ್ತು ಬೇಯಿಸಿದ ಸಮಯಕ್ಕೆ ಸಂಬಂಧಿಸಿದವು. ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಅತಿ ಸಣ್ಣ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿರುತ್ತವೆ. ಅಗಿದಾಗ ಅವು ನಾಲಿಗೆ, ಗಂಟಲಿನ ಮೃದು ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಈ ಹರಳುಗಳು ಕುದಿಯುವ ನೀರಿನಲ್ಲೂ ಕರಗುವುದಿಲ್ಲ, ಆದ್ದರಿಂದ ಎಲೆ ಮೆತ್ತಗಾದ ಮಾತ್ರಕ್ಕೆ ತುರಿಕೆ ಹೋಯಿತೆಂದು ತಿಳಿಯಬಾರದು. ಸೂಜಿಗಳ ಜೊತೆಗಿರುವ ಪ್ರೋಟೀನಿನಂಥ ಅಂಶವೂ ಉರಿಗೆ ಕಾರಣವಾಗಿದ್ದು, ಅದು ಕುಗ್ಗಬೇಕಾದರೆ ಶಾಖವು ಸುರುಳಿಯ ನಡುವಿನವರೆಗೆ ತಲುಪಿ ಬಹಳ ಹೊತ್ತು ನಿಲ್ಲಬೇಕು. ನಿಮ್ಮ ಸುರುಳಿಯ ಹಚ್ಚಹಸಿರು ನಡುಭಾಗವೇ ಅಲ್ಲಿಗೆ ಶಾಖ ಸಾಲಲಿಲ್ಲವೆಂಬುದಕ್ಕೆ ಸಾಕ್ಷಿ. ಒಂದು ಸುರುಳಿಗೆ ಮೂರು ನಾಲ್ಕು ಎಲೆಗಿಂತ ಹೆಚ್ಚು ಹಾಕಬೇಡಿ; ನೀರು ಚೆನ್ನಾಗಿ ಕುದಿಯಲು ಆರಂಭವಾದ ಮೇಲೆ ಕನಿಷ್ಠ 45 ನಿಮಿಷ, ದಪ್ಪವಾಗಿದ್ದರೆ ಒಂದು ಗಂಟೆ ಬೇಯಿಸಿ, ನಡುವೆ ಪಾತ್ರೆಯ ನೀರು ಆರದಂತೆ ನೋಡಿಕೊಳ್ಳಿ. ನಮ್ಮ ಅಜ್ಜಿ ಸಂಜೆ ಬೇಯಿಸಿಟ್ಟು, ಮರುದಿನ ಬೆಳಿಗ್ಗೆ ಬಿಲ್ಲೆಗಳಾಗಿ ಕೊಯ್ದು ಕಾವಲಿಯ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಕಾಯಿಸುತ್ತಿದ್ದರು. ಅದು ರುಚಿಗಾಗಿ ಮಾತ್ರ ಎಂದು ಬಹುಕಾಲ ತಿಳಿದಿದ್ದೆ. ಎಲೆ ಎರಡನೆಯ ಸಲ ಬೇಯುವುದೂ ಅದರಿಂದಲೇ ಎಂಬುದು ನಾನೇ ಅಡುಗೆಗೆ ನಿಂತ ಮೇಲೆ ಅರ್ಥವಾಯಿತು.

ಹುಳಿಯ ವಿಷಯದಲ್ಲಿ ಜಿಪುಣತನ ಬೇಡ. ಎರಡು ಲೋಟ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಬೇಕು, ಹಸಿ ಹಿಟ್ಟು ನೆಕ್ಕಿ ನೋಡಿದಾಗ ಹುಳಿ ತುಸು ಮುಂದಾಗಿಯೇ ಇರಬೇಕು. ಕೆಸುವಿಗೂ ಸುವರ್ಣಗೆಡ್ಡೆಗೂ ಕರಾವಳಿ, ಮಲೆನಾಡುಗಳ ಅಡುಗೆಯಲ್ಲಿ ಹುಣಸೆ, ಅಮಟೆಕಾಯಿ, ಬಿಂಬುಳಿ ಅಥವಾ ಹುಳಿಮಜ್ಜಿಗೆ ಜೊತೆಯಾಗಿರುವುದು ಅನುಭವದಿಂದ ಬಂದ ಕ್ರಮ.

ಎಲೆ ಸಿದ್ಧಮಾಡುವಾಗ ಬೆನ್ನಿನ ದಪ್ಪ ನಾರನ್ನು ಚಾಕುವಿನಿಂದ ಎಲೆಯ ಮಟ್ಟಕ್ಕೆ ಹೆರೆದು ತೆಗೆಯಿರಿ. ಕೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಂಡರೆ ಬೆರಳು ತುರಿಸುವುದಿಲ್ಲ.

ಉತ್ತರ (ಕಕ್ಕಡಮಳೆ):
ಮೇಲಿನ ಉತ್ತರಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಸಿಗುವುದಾದರೆ ಮರಕೆಸುವಿನ ಎಲೆಯನ್ನೇ ತನ್ನಿ. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ, ಪಾಚಿಯ ನಡುವೆ ಚಿಗುರುವ ಈ ಕೆಸು ನೆಲದ ಕೆಸುವಿನಷ್ಟು ತುರಿಸುವುದಿಲ್ಲ. ನೆಲದ್ದಾದರೆ ದಂಟು ಕಪ್ಪಾಗಿರುವ ಕರಿಕೆಸು ವಾಸಿ. ಸುವರ್ಣಗೆಡ್ಡೆಯ ಪಲ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ: ಕಾಡಿನ ಗೆಡ್ಡೆ ಬಹಳ ತುರಿಸುತ್ತದೆ, ಗಜೇಂದ್ರ ತಳಿಯದು ಹೆಚ್ಚುಕಡಿಮೆ ತುರಿಸುವುದೇ ಇಲ್ಲ. ಯಾವ ತಳಿಯೆಂದು ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಹೋಳುಗಳನ್ನು ಹುಣಸೆನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸುವುದು ಒಳ್ಳೆಯದು.

ಬಾಯಿ ತುರಿಸಿದಾಗ ಬೆಲ್ಲ, ಮೊಸರು ಅಥವಾ ತಣ್ಣನೆಯ ಹಾಲು ಸಮಾಧಾನ ಕೊಡುತ್ತವೆ. ಆದರೆ ನಾಲಿಗೆ, ತುಟಿ ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಕ್ಕಳಿದ್ದಾಗಲಂತೂ ಕಾಯಲೇಬಾರದು. ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರನ್ನು ಕೇಳದೆ ಕೆಸು ತಿನ್ನದಿರುವುದು ಕ್ಷೇಮ.

ಆಟಿಮನೆ:
ಇಬ್ಬರಿಗೂ ತುಂಬಾ ಧನ್ಯವಾದಗಳು. ಕುಂಡದ ಎಲೆಯ ವಿಷಯವನ್ನು ಪಕ್ಕದ ಮನೆಯವರಿಗೂ ತಿಳಿಸಿ ಬಂದೆ. ಅವರು ಅದನ್ನು ಕೆಸುವೆಂದೇ ನಂಬಿ ಸಾರಿಗೆ ಹಾಕುವವರಿದ್ದರು. ನಿನ್ನೆ ಮಾರುಕಟ್ಟೆಯ ಒಂಬತ್ತು ಕರಿಕೆಸುವಿನ ಎಲೆಗಳಲ್ಲಿ ಮೂರು ಸುರುಳಿ ಮಾಡಿ, ಹುಣಸೆಹಣ್ಣನ್ನು ಹೇಳಿದ ಪ್ರಮಾಣದಲ್ಲಿಯೇ ಹಾಕಿ, 55 ನಿಮಿಷ ಬೇಯಿಸಿದೆ. ಕತ್ತರಿಸಿ ನೋಡಿದರೆ ನಡುವಿನ ಸುತ್ತೂ ಹೊರಗಿನಂತೆಯೇ ಕಂದುಹಸಿರಾಗಿತ್ತು. ಮೊದಲು ನಾನೊಬ್ಬಳೇ ಒಂದು ಬಿಲ್ಲೆ ತಿಂದು ಅರ್ಧ ಗಂಟೆ ಕಾದೆ, ಏನೂ ಆಗಲಿಲ್ಲ. ಬೆಳಿಗ್ಗೆ ಕಾವಲಿಯಲ್ಲಿ ಕಾಯಿಸಿ ಬಡಿಸಿದಾಗ ಅತ್ತೆಯವರು ಬೆಲ್ಲದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೂತರು, ಆದರೆ ಅದನ್ನು ತೆರೆಯದೆ ನಾಲ್ಕು ಬಿಲ್ಲೆ ತಿಂದರು.