ಏಜೆಂಟ್ ಬಳಸುವ ಟೂಲ್‌ಗಳ ವಿವರಣೆಯನ್ನು ಎಷ್ಟು ಬಿಡಿಸಿ ಬರೆಯಬೇಕು?

ಪ್ರಶ್ನೆ – ಹುಬ್ಬಳ್ಳಿಯಿಂದ

ಬ್ಯಾಡಗಿಯ ಒಂದು ಅಡತಿ ಅಂಗಡಿಗಾಗಿ ಮೆಣಸಿನಕಾಯಿಯ ಧಾರಣೆ, ಆವಕ ಮತ್ತು ರೈತರ ಲೆಕ್ಕಗಳ ತಂತ್ರಾಂಶವನ್ನು ನಾವು ಮೂವರು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇವೆ. ಈಚೆಗೆ ಅದರ ಕೆಲಸಗಳನ್ನು ಎಂಸಿಪಿ (ಎಐಗೆ ಹೊರಗಿನ ತಂತ್ರಾಂಶವನ್ನು ಜೋಡಿಸುವ ಒಂದು ಪ್ರಮಾಣಿತ ವಿಧಾನ) ಸರ್ವರ್ ಮೂಲಕ, ಎಐ ಕರೆದು ಬಳಸಬಲ್ಲ ಟೂಲ್‌ಗಳಾಗಿ ಒದಗಿಸಿ, ಅಂಗಡಿಯವರು ಕನ್ನಡದಲ್ಲಿ ಕೇಳಿದ್ದಕ್ಕೆ ಎಐ ಏಜೆಂಟ್ ಉತ್ತರಿಸುವಂತೆ ಮಾಡಿದ್ದೇವೆ. ಧಾರಣೆಯ ಟೂಲ್‌ಗೆ ನಾವು ಬರೆದ ವಿವರಣೆ ‘ಮಾರುಕಟ್ಟೆಯ ದರವನ್ನು ಕೊಡುತ್ತದೆ’ ಎಂಬ ಒಂದೇ ಸಾಲು. ನಮ್ಮ ಮೂವರಿಗೆ ಅದಕ್ಕಿಂತ ಹೆಚ್ಚು ಎಂದೂ ಬೇಕಾಗಿರಲಿಲ್ಲ.

ಕಳೆದ ವಾರ ಮೂರು ತಪ್ಪುಗಳಾದವು. ಮಾರ್ಚ್ 4ರ ಧಾರಣೆ ಕೇಳಿದರೆ ಏಜೆಂಟ್ ತಿಂಗಳನ್ನು ಮೊದಲಿಟ್ಟು 03/04 ಎಂದು ಕಳುಹಿಸಿ ಏಪ್ರಿಲ್ 3ರ ದರವನ್ನು ತಂದಿತು. ಕ್ವಿಂಟಲ್‌ನ ದರವನ್ನು ಚೀಲದ ದರವೆಂದು ಹೇಳಿತು. ಹರಾಜು ನಡೆಯದ ಒಂದು ದಿನದ ಬಗ್ಗೆ ಕೇಳಿದಾಗ ನಮ್ಮ ಟೂಲ್ ಖಾಲಿ ಪಟ್ಟಿಯನ್ನು ಕೊಟ್ಟಿತು. ಅದನ್ನು ಏಜೆಂಟ್ ‘ಅಂದು ಮೆಣಸಿನಕಾಯಿಗೆ ಬೆಲೆ ಸಿಗಲಿಲ್ಲ’ ಎಂದು ಬರೆಯಿತು. ಅಂಗಡಿಯವರು ಅದನ್ನು ಹಾಗೆಯೇ ಓದಿ ಹೇಳಿದಾಗ ಎದುರಿಗಿದ್ದ ರೈತರು ಮಾತಾಡದೆ ಎದ್ದು ಪಕ್ಕದ ಅಂಗಡಿಗೆ ವಿಚಾರಿಸಲು ಹೋದರು. ಆ ವಿಷಯ ತಿಳಿದಂದಿನಿಂದ ನನಗೆ ಸಮಾಧಾನವಿಲ್ಲ. ನಾವು ಬೇರೆ ಮಾಡೆಲ್ ಬಳಸಬೇಕೋ ಅಥವಾ ವಿವರಣೆಯನ್ನು ಬದಲಿಸಬೇಕೋ? ಬರೆಯುವುದಾದರೆ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ?

ಉತ್ತರ 1 – ಧಾರವಾಡದಿಂದ

ಮೊದಲು ವಿವರಣೆಯನ್ನು ಬದಲಿಸಿ. ನಿಮ್ಮ ಕೋಡ್ ಆಗಲಿ, ನೀವು ಮೂವರು ಬಾಯಿಮಾತಿನಲ್ಲಿ ಹೇಳಿಕೊಂಡದ್ದಾಗಲಿ ಏಜೆಂಟ್‌ಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲ್‌ನ ಹೆಸರು, ವಿವರಣೆ ಮತ್ತು ಜೆಸಾನ್ ಸ್ಕೀಮಾ (ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕಳುಹಿಸಬೇಕೆಂಬ ನಮೂನೆ) ಮಾತ್ರ. ಹೊಸ ಗುಮಾಸ್ತನಾದರೆ ‘ಇದು ಕ್ವಿಂಟಲ್‌ಗೋ, ಚೀಲಕ್ಕೋ?’ ಎಂದು ಕೇಳುತ್ತಿದ್ದ, ಏಜೆಂಟ್ ಬಹುಪಾಲು ಕೇಳದೆ ಊಹಿಸಿಬಿಡುತ್ತದೆ.

ದಿನಾಂಕವನ್ನು ಐಎಸ್‌ಒ 8601 ಕ್ರಮದಲ್ಲಿ, ಅಂದರೆ 2025-03-04 ಎಂಬಂತೆ ಮಾತ್ರ ಸ್ವೀಕರಿಸುವುದಾಗಿ ಉದಾಹರಣೆ ಸಮೇತ ಬರೆಯಿರಿ. ಬೇರೆ ರೂಪದಲ್ಲಿ ಬಂದರೆ ಸರ್ವರ್ ಅದನ್ನು ತಿರಸ್ಕರಿಸಿ, ಸರಿಯಾದ ರೂಪ ಯಾವುದೆಂದು ದೋಷಸಂದೇಶದಲ್ಲಿಯೇ ಹೇಳಲಿ. ಬರಿ ‘ತಪ್ಪು ಇನ್‌ಪುಟ್’ ಎಂದರೆ ಏಜೆಂಟ್ ಮತ್ತೊಂದು ಊಹೆ ಮಾಡುತ್ತದೆ. ‘ವರ್ಷ-ತಿಂಗಳು-ದಿನ ಎಂದು ಕಳುಹಿಸಿ’ ಎಂದರೆ ಸಾಮಾನ್ಯವಾಗಿ ಮುಂದಿನ ಕರೆಯಲ್ಲಿಯೇ ತಿದ್ದಿಕೊಳ್ಳುತ್ತದೆ. ಅಳತೆಯನ್ನು ವಿವರಣೆಯಲ್ಲಿ ಮಾತ್ರ ಹೇಳಿ ಸುಮ್ಮನಾಗಬೇಡಿ, ಉತ್ತರದ ಫೀಲ್ಡ್‌ನ ಹೆಸರಿನಲ್ಲಿಯೇ ಸೇರಿಸಿ: ‘ದರ’ ಎಂಬುದು ‘ರೂಪಾಯಿ_ಪ್ರತಿ_ಕ್ವಿಂಟಲ್’ ಆಗಲಿ. ಚೀಲದ ತೂಕ ಒಂದೇ ಸಮನಾಗಿರುವುದಿಲ್ಲ, ಕ್ವಿಂಟಲ್ ಎಂದರೆ 100 ಕಿಲೋ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ.

ರೈತರನ್ನು ಎಬ್ಬಿಸಿ ಕಳುಹಿಸಿದ್ದು ಆ ಖಾಲಿ ಪಟ್ಟಿ. ಹರಾಜು ಇರಲಿಲ್ಲವೋ, ಹರಾಜಾದರೂ ಆ ತಳಿಯ ಆವಕ ಇರಲಿಲ್ಲವೋ, ಮಾಹಿತಿ ಇನ್ನೂ ಸೇರಿಲ್ಲವೋ ಎಂಬ ಮೂರು ಸ್ಥಿತಿಗಳಿಗೆ ನೀವು ಒಂದೇ ಉತ್ತರ ಕೊಡುತ್ತಿದ್ದೀರಿ. ಮೂರಕ್ಕೂ ಬೇರೆ ಬೇರೆ ಕಾರಣವನ್ನು ಕೊಟ್ಟು, ಹಿಂದಿನ ಹರಾಜಿನ ದಿನಾಂಕವನ್ನೂ ಜೊತೆಗೆ ಕಳುಹಿಸಿ.

ಉತ್ತರ 2 – ಗದಗದಿಂದ

ಭಾಷೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳು (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳು) ಬೇಕಾಗುವುದರಿಂದ ನಾನು ವಿವರಣೆಯನ್ನು ಇಂಗ್ಲಿಷಿನಲ್ಲಿಯೇ ಬರೆಯುತ್ತೇನೆ. ಆದರೆ ಮಾರುಕಟ್ಟೆಯ ಮಾತುಗಳನ್ನು ಕನ್ನಡದಲ್ಲಿಯೇ ಇಟ್ಟು ಅರ್ಥವನ್ನು ಬಿಡಿಸುತ್ತೇನೆ. ನಮ್ಮಲ್ಲಿ ಒಬ್ಬರು ‘ಹೆಸರಿನ ಧಾರಣಿ ಎಷ್ಟೈತಿ?’ ಎಂದು ಕೇಳಿದಾಗ ಏಜೆಂಟ್ ‘ಯಾರ ಹೆಸರು?’ ಎಂದು ಮರುಪ್ರಶ್ನೆ ಹಾಕಿತು. ಅವರು ಕೇಳಿದ್ದು ಹೆಸರುಕಾಳಿನ ದರವನ್ನು. ಇನ್ನೊಮ್ಮೆ ‘ಮಾದರಿ ಬೆಲೆ’ಯನ್ನು ಸ್ಯಾಂಪಲ್‌ನ ಬೆಲೆಯೆಂದು ತಿಳಿಯಿತು. ಅಂದು ಅತಿ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದೇ ಮಾದರಿ ಬೆಲೆ, ಅದು ಸರಾಸರಿಯೂ ಅಲ್ಲ ಎಂದು ಬರೆದ ಮೇಲೆ ಆ ತಪ್ಪು ನಿಂತಿತು. ನೀವು ಡಬ್ಬಿ, ಕಡ್ಡಿ ಎಂಬ ತಳಿಗಳನ್ನು ಸ್ಕೀಮಾದಲ್ಲಿ ನಿಗದಿತ ಆಯ್ಕೆಗಳಾಗಿ ಕೊಟ್ಟು, ಡಬ್ಬಿ ಎಂದರೆ ಇಲ್ಲಿ ಪೆಟ್ಟಿಗೆಯಲ್ಲ, ಗಿಡ್ಡನೆಯ ದಪ್ಪ ಕಾಯಿ ಎಂದು ಹೇಳಲೇಬೇಕು.

ಪ್ರಶ್ನೆ ಕೇಳಿದವರು

ಎರಡು ದಿನ ಕೂತು ಇದನ್ನೆಲ್ಲ ಬರೆದೆವು. ಧಾರಣೆಯ ಉತ್ತರಗಳು ಈಗ ಸರಿಯಾಗಿ ಬರುತ್ತಿವೆ. ಆದರೆ ‘ರೈತರ ಬಾಕಿ ನೋಡು’ ಮತ್ತು ‘ರೈತರ ಬಾಕಿ ತೀರಿಸು’ ಎಂಬ ಎರಡು ಟೂಲ್‌ಗಳ ನಡುವೆ ಏಜೆಂಟ್ ಒಮ್ಮೆ ತಡವರಿಸಿದ್ದನ್ನು ಕಂಡು ಎರಡನೆಯದನ್ನು ಸದ್ಯಕ್ಕೆ ಮುಚ್ಚಿದ್ದೇವೆ.

ಉತ್ತರ 3 – ಹಾವೇರಿಯಿಂದ

ಮುಚ್ಚಿದ್ದು ಒಳ್ಳೆಯದಾಯಿತು. ಮತ್ತೆ ತೆರೆಯುವಾಗ ಪ್ರತಿ ಟೂಲ್‌ಗೂ ಅದನ್ನು ಯಾವಾಗ ಬಳಸಬಾರದು ಎಂಬುದನ್ನು ಬರೆಯಿರಿ: ‘ಬಾಕಿ ಎಷ್ಟಿದೆ ಎಂದು ಕೇಳಿದರೆ ಇದನ್ನು ಕರೆಯಬೇಡಿ, ಇದು ಖಾತೆಯನ್ನು ಬದಲಿಸುತ್ತದೆ’ ಎಂಬಂತೆ. ಎಂಸಿಪಿಯಲ್ಲಿ ಓದುವುದಕ್ಕಷ್ಟೇ ಇರುವ ಟೂಲ್‌ಗೆ ‘ರೀಡ್‌ಓನ್ಲಿಹಿಂಟ್’, ಹಾನಿ ಮಾಡಬಲ್ಲ ಟೂಲ್‌ಗೆ ‘ಡಿಸ್ಟ್ರಕ್ಟಿವ್‌ಹಿಂಟ್’ ಎಂಬ ಗುರುತುಗಳಿವೆ, ಅವನ್ನೂ ಹಾಕಿ. ಆದರೆ ಅವು ಬರೀ ಸೂಚನೆಗಳು, ತಾವಾಗಿ ಏನನ್ನೂ ತಡೆಯುವುದಿಲ್ಲ. ಹಣದ ವಿಷಯದಲ್ಲಿ ಅಂಗಡಿಯವರು ಒಪ್ಪಿಗೆ ಕೊಡುವವರೆಗೆ ನಮೂದಾಗದಂತೆ ಸರ್ವರ್‌ನಲ್ಲಿಯೇ ತಡೆ ಇರಬೇಕು. ತೆರೆಯುವ ಮುನ್ನ, ಅಂಗಡಿಯಲ್ಲಿ ಜನ ನಿಜವಾಗಿ ಕೇಳಿದ ಮೂವತ್ತು ನಲವತ್ತು ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಓಡಿಸಿ ನೋಡಿ, ಏಜೆಂಟ್ ಯಾವ ಟೂಲ್‌ಗೆ ಏನು ಕಳುಹಿಸಿತು ಎಂಬ ಲಾಗ್ ಅನ್ನು ಮೂವರೂ ಕೂತು ಸಾಲುಸಾಲಾಗಿ ಓದಿ.