ನಂಬರ್ ಪ್ಲೇಟ್ ಗಿಟಾರ್: ಕುದುರೆ ಕುಸಿಯುತ್ತೆ, ತಗಡು ಝರ್ ಅನ್ನುತ್ತೆ

ಮಂಡ್ಯ_ತಂತಿ (ಪ್ರಶ್ನೆ)
ಎಚ್‌ಎಸ್‌ಆರ್‌ಪಿ (ಹೊಸ ಸುರಕ್ಷತಾ ನಂಬರ್ ಪ್ಲೇಟ್) ಹಾಕಿಸಿದ ಮೇಲೆ ಉಳಿದ ಕಾರಿನ ಹಳೇ ಪ್ಲೇಟ್ ಇದೆ, 340×200 ಮಿ.ಮೀ. ಅದನ್ನೇ ಮೇಲ್ಮುಚ್ಚಳ ಮಾಡಿ ಮೂರು ತಂತಿ ಗಿಟಾರ್ ಕಟ್ಟುತ್ತಿದ್ದೇನೆ. ಡಬ್ಬಿ 12 ಮಿ.ಮೀ. ಪ್ಲೈವುಡ್, ಆಳ 65. ದಂಡಿ (ಗಿಟಾರಿನ ಕುತ್ತಿಗೆ) 38×19ರ ಸಿಲ್ವರ್ ಓಕ್ ಪಟ್ಟಿ, ಡಬ್ಬಿಯ ತಲೆಗೋಡೆಗೆ ಎರಡು ಸ್ಕ್ರೂ ಹೊಡೆದು ನಿಲ್ಲಿಸಿದ್ದೇನೆ. ತಂತಿಯ ಬಾಲ ಕಟ್ಟಿರೋದು ಪ್ಲೇಟಿನ ಅಂಚಿಗೆ. ಬಿಗಿ ಮಾಡಿದರೆ ಕುದುರೆ (ತಂತಿಯನ್ನು ಹೊತ್ತು ತಗಡಿನ ಮೇಲೆ ನಿಲ್ಲೋ ತುಂಡು) ನಿಂತ ಜಾಗ ತಗ್ಗಾಗುತ್ತೆ, ಶ್ರುತಿ ನಿಲ್ಲಲ್ಲ, ತಗಡು ಝರ್ ಅನ್ನುತ್ತೆ. ಮೆಟ್ಟಿಲು (ದಂಡಿ ಮೇಲಿನ ಫ್ರೆಟ್) ಇನ್ನೂ ಕೂರಿಸಿಲ್ಲ. ಎಲ್ಲಿ ತಪ್ಪಿದೆ?

ಹಲಸಿನ_ಹಲಗೆ
ತಪ್ಪು ದಂಡಿಯದ್ದು, ಪ್ಲೇಟಿನದ್ದಲ್ಲ. 10-46 ದಪ್ಪದ ಎಲೆಕ್ಟ್ರಿಕ್ ಗಿಟಾರ್ ತಂತಿ ಸೆಟ್ಟಿನ ಎ, ಡಿ, ಜಿ ತಂತಿಗಳನ್ನು ಜಿ-ಡಿ-ಜಿ ಸ್ವರಗಳಿಗೆ ಶ್ರುತಿ ಮಾಡಿದರೆ ಒಟ್ಟು ಎಳೆತ 22 ಕೆಜಿ ಆಸುಪಾಸು. ಆ ಭಾರ ಹೊರೋದು ಮರದ ಕೆಲಸ. ತಗಡು ಬರೀ ಚರ್ಮದ ಹಾಗೆ, ಮೃದಂಗಕ್ಕೆ ಇದ್ದಂತೆ.

ದಂಡಿ ಡಬ್ಬಿಯ ಒಳಗಿಂದ ಹಾದು ಆ ಕಡೆ ಗೋಡೆ ದಾಟಿ 25 ಮಿ.ಮೀ. ಹೊರಗೆ ಬರಬೇಕು. 635 ಮಿ.ಮೀ. ಸ್ಕೇಲಿಗೆ (ನಟ್, ಅಂದರೆ ದಂಡಿಯ ತಲೆಯ ಕಡೆ ತಂತಿ ಕೂರೋ ಪಟ್ಟಿಯಿಂದ ಕುದುರೆವರೆಗಿನ ಉದ್ದ) 900 ಉದ್ದದ ಒಂದೇ ತುಂಡು ಸಾಕು. ತಂತಿಯ ಬಾಲ ಆ ತುದಿಗೇ ಕಟ್ಟಿ. ಎರಡೂ ಗೋಡೆಗೆ ಕಚ್ಚು ಹಾಕಿ ದಂಡಿಯ ಮೇಲ್ಮೈ ಡಬ್ಬಿಯ ಬಾಯಿಗೆ ಸಮ ಮಾಡಿ. ಡಬ್ಬಿಯೊಳಗಿರೋ ಭಾಗದಲ್ಲಿ ಮಾತ್ರ ಮೇಲಿಂದ 4 ಮಿ.ಮೀ. ಕೆತ್ತಿ ತೆಗೀರಿ. ಇದನ್ನು ಬಿಟ್ಟರೆ ದಂಡಿ ತಗಡಿಗೆ ತಾಗಿ ನಾದ ಸತ್ತುಹೋಗುತ್ತೆ, ಹಲಗೆ ಬಡಿದ ಹಾಗೆ ಕೇಳುತ್ತೆ.

ಸಿಲ್ವರ್ ಓಕ್ ಬೇಡ, 19 ಮಿ.ಮೀ. ದಪ್ಪದಲ್ಲಿ ಬಿಲ್ಲಾಗುತ್ತೆ. ಸಾ ಮಿಲ್‌ನಲ್ಲಿ ಒಣಗಿದ ಹಲಸು ಅಥವಾ ತೇಗದ ಪಟ್ಟಿ ಕೇಳಿ, ಎಳೆ ನೇರ ಇರೋದನ್ನೇ ಆರಿಸಿ. ಮೈಸೂರಲ್ಲಿ ಇನ್‌ಲೇ ಕೆಲಸ ಮಾಡೋವರ ಹತ್ತಿರ ಬೀಟೆ ಚೂರು ಸಿಕ್ಕಿದರೆ 6 ಮಿ.ಮೀ. ಪಟ್ಟಿ ಮಾಡಿ ದಂಡಿ ಮೇಲೆ ಅಂಟಿಸಿ. ಬಿಗುವೂ ಬರುತ್ತೆ, ಕುದುರೆಯನ್ನು 12 ಮಿ.ಮೀ.ವರೆಗೆ ಎತ್ತರಿಸೋಕೂ ಆಗುತ್ತೆ.

ಗುಜರಿ_ನಾದ
ಕುದುರೆ ಕುಸಿಯೋದಕ್ಕೆ: ತಂತಿ ಕುದುರೆ ದಾಟಿ 10 ಡಿಗ್ರಿ ಬಾಗಿದರೂ ಕೆಳಕ್ಕೆ 4 ಕೆಜಿ ಹತ್ತಿರ ಒತ್ತುತ್ತೆ. 1 ಮಿ.ಮೀ. ಅಲ್ಯೂಮಿನಿಯಂ ಒಂದೇ ತಡೆಯಲ್ಲ. ಕುದುರೆಯ ನೇರ ಕೆಳಗೆ ಅಡ್ಡಲಾಗಿ 140 ಉದ್ದ, 10 ಅಗಲ, 4 ದಪ್ಪದ ಮರದ ಪಟ್ಟಿ ಕೊಡಿ. ದಂಡಿ ಮೇಲೆ ಬರೋ ಕಡೆ ಅಷ್ಟೇ ಇನ್ನೊಂದು 4 ಮಿ.ಮೀ. ಕೆತ್ತಬೇಕಾಗುತ್ತೆ. ಫೆವಿಕಾಲ್ ಲೋಹಕ್ಕೆ ಹಿಡಿಯಲ್ಲ. ಪ್ಲೇಟಿನ ಒಳಮೈ ಬಣ್ಣವನ್ನು 120 ನಂಬರ್ ಉಪ್ಪುಕಾಗದದಿಂದ ತೆಗೆದು ಎಪಾಕ್ಸಿ ಹಾಕಿ, ಒಂದು ರಾತ್ರಿ ಭಾರ ಇಟ್ಟು ಬಿಡಿ.

ಝರ್ ಶಬ್ದಕ್ಕೆ ಮೊದಲು ಅಕ್ಷರ ನೋಡಿ. ಅಂಟಿಸಿದ ಅಕ್ರಿಲಿಕ್ ಅಕ್ಷರದ ಒಂದು ಮೂಲೆ ಎದ್ದಿದ್ದರೂ ಸಾಕು. ತಂತಿ ಮೀಟುತ್ತಾ ಒಂದೊಂದೇ ಅಕ್ಷರವನ್ನು ಬೆರಳಲ್ಲಿ ಒತ್ತಿ, ಶಬ್ದ ನಿಂತ ಕಡೆ ಕಳ್ಳ ಸಿಕ್ಕ. ಆಮೇಲೆ ಅಂಚು: ನಾಲ್ಕು ಮೂಲೆ ಸ್ಕ್ರೂ ಸಾಲದು, 45 ಮಿ.ಮೀ.ಗೊಂದು ಹಾಕಿ, ತಗಡಿಗೂ ಮರಕ್ಕೂ ನಡುವೆ ತೆಳು ಕಾರ್ಕ್ ಇರಲಿ. ತೂತು ಕೊರೆಯುವಾಗ ಕೆಳಗೆ ಮರ ಇಟ್ಟು ಕ್ಲಾಂಪ್ ಮಾಡಿ. ಬಿಟ್ ಕಚ್ಚಿಕೊಂಡರೆ ಪ್ಲೇಟ್ ಗರಗರ ತಿರುಗಿ ಕೈ ಕೊಯ್ಯುತ್ತೆ.

ಗಾಡಿಯಲ್ಲಿರೋ ಎಚ್‌ಎಸ್‌ಆರ್‌ಪಿ ಮಾತ್ರ ಯಾರೂ ಬಿಚ್ಚಬೇಡಿ, ಅದರ ಸ್ನ್ಯಾಪ್ ಲಾಕ್ ಒಮ್ಮೆ ಮುರಿದರೆ ಮತ್ತೆ ಕೂರಲ್ಲ. ಹಳೇ ಪ್ಲೇಟಲ್ಲೂ ಕೊನೆಯ ಎರಡು ಅಂಕಿ ಕೆರೆದುಬಿಡಿ. ಓಡೋ ಗಾಡಿಯ ನಂಬರ್ ಬೇರೆ ಕಡೆ ತಿರುಗಾಡಬಾರದು.

ಮಂಡ್ಯ_ತಂತಿ
ಒಂದು ಅಕ್ಷರ ನಿಜಕ್ಕೂ ಎದ್ದಿದೆ. ದಂಡಿ ಹೊಸದು ಮಾಡ್ತೀನಿ. ಮೆಟ್ಟಿಲಿನ ಅಳತೆ ಹೇಗೆ? ಆಂಪ್‌ಗೆ ಹಾಕೋಕೆ ಪೀಜೋ ಡಿಸ್ಕ್ (ಅದಿರನ್ನು ವಿದ್ಯುತ್ತಾಗಿಸೋ ಬಿಲ್ಲೆ) ಸಾಕಾ?

ಬಿರಡೆ_55
ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋಗಿ, ಬಂದದ್ದು ಮುಂದಿನ ಮೆಟ್ಟಿಲಿಗಿರೋ ಅಂತರ. 635ಕ್ಕೆ ಮೊದಲನೆಯದು ನಟ್‌ನಿಂದ 35.6, ಐದನೆಯದು 159.3, ಏಳನೆಯದು 211.2, ಹನ್ನೆರಡನೆಯದು 317.5 ಮಿ.ಮೀ. ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಮೆಟ್ಟಿಲಿಂದ ಅಳೆದರೆ ಅರ್ಧರ್ಧ ಮಿ.ಮೀ. ತಪ್ಪು ಸೇರಿ ಹನ್ನೆರಡನೆಯದಕ್ಕೆ ಅಪಸ್ವರ ಗ್ಯಾರಂಟಿ. ವೀಣೆಯ ಮೆಟ್ಟಿಲು ಮೇಣದಲ್ಲಿರೋದರಿಂದ ಸರಿಸಬಹುದು, ಇಲ್ಲಿ ಮೆಟ್ಟಿಲು ಕೂರೋ ಸೀಳು ಕೊರೆದರೆ ಮುಗೀತು. ಹ್ಯಾಕ್ಸಾ ಬ್ಲೇಡಿನ ಹಲ್ಲು ಎಡಬಲ ಬಾಗಿರುತ್ತೆ, ಹಾಗೇ ಕೊಯ್ದರೆ ಸೀಳು ಅಗಲವಾಗಿ ಮೆಟ್ಟಿಲು ಎದ್ದು ಬರುತ್ತೆ. ಬ್ಲೇಡಿನ ಎರಡೂ ಬದಿ ಸಾಣೆಕಲ್ಲಿಗೆ ಉಜ್ಜಿ, ಸೀಳು 0.6 ಮಿ.ಮೀ.ಗೆ ತನ್ನಿ. ಕುದುರೆ ಅಂಟಿಸಬೇಡಿ. 635ರಿಂದ 2-3 ಮಿ.ಮೀ. ಬಾಲದ ಕಡೆಗಿಟ್ಟು, ಹನ್ನೆರಡನೇ ಮೆಟ್ಟಿಲ ಸ್ವರದ ಕಂಪನ, ಒತ್ತದೆ ಬಿಟ್ಟ ತಂತಿಯ ಕಂಪನದ ಸರಿಯಾಗಿ ಎರಡರಷ್ಟು ಬರೋವರೆಗೆ ಸರಿಸಿ.

27 ಮಿ.ಮೀ. ಪೀಜೋ ಸಾಕು. ತಗಡಿಗೆ ನೇರ ಅಂಟಿಸಿದರೆ ಬೆರಳು ತಾಗಿದ್ದೂ ಕೇಳುತ್ತೆ, ಕುದುರೆಯ ಕೆಳಗಿನ ಅಡ್ಡಪಟ್ಟಿಗೆ ಅಂಟಿಸಿ. ವಾಲ್ಯೂಮ್ ಪಾಟ್ 1 ಮೆಗಾಓಮ್, ಕಡಿಮೆ ಹಾಕಿದರೆ ಮಂದ್ರ ಸೋರಿಹೋಗುತ್ತೆ. ಜ್ಯಾಕ್‌ನ ಗ್ರೌಂಡಿಂದ ಒಂದು ವೈರ್ ಪ್ಲೇಟಿಗೆ, ಬಣ್ಣ ಕೆರೆದ ಜಾಗದಲ್ಲಿ ಸ್ಕ್ರೂ ಕೆಳಗೆ ಸಿಗಿಸಿ, ಅಲ್ಯೂಮಿನಿಯಂಗೆ ಬೆಸುಗೆ ಹಿಡಿಯಲ್ಲ. ಈ ವೈರ್ ಇಲ್ಲದಿದ್ದರೆ ಇಡೀ ಪ್ಲೇಟ್ ಆಂಟೆನಾ ಆಗಿ ಟ್ಯೂಬ್‌ಲೈಟಿನ ಗುಂಯ್ ಎಲ್ಲಾ ಆಂಪ್‌ನಲ್ಲಿ ಬರುತ್ತೆ.