ಮಾರ್ಫಿನ್ ಕೊಟ್ಟ ಇಲಿ ಕಲಿತದ್ದನ್ನು ನಿಜವಾಗಿಯೂ ಮರೆಯುತ್ತದೆಯೇ?

ಪ್ರಶ್ನೆ
ಮಾರ್ಫಿನ್ ಪ್ರಾಣಿಗಳ ನೆನಪಿನ ಶಕ್ತಿಯನ್ನು ಕುಂದಿಸುತ್ತದೆ ಎಂದು ಔಷಧಶಾಸ್ತ್ರದ ಪಠ್ಯದಲ್ಲಿ ಒಂದೆಡೆ ಓದಿದೆ. ಅದೇ ಮಾರ್ಫಿನ್ ದೊರೆತ ಜಾಗವನ್ನು ಇಲಿ ಬಹುಕಾಲ ಮರೆಯುವುದಿಲ್ಲ ಎಂದು ಇನ್ನೊಂದೆಡೆ ಇದೆ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ? ಮಿದುಳಿನ ರಾಸಾಯನಿಕ ಕ್ರಿಯೆಯ ನೆಲೆಯಲ್ಲಿ ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1
ಎರಡೂ ನಿಜ, ಏಕೆಂದರೆ ಅವು ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ನಡೆಯುವ ಕ್ರಿಯೆಗಳು. ನಡುಮಿದುಳಿನಲ್ಲಿ ಡೋಪಮೈನ್ ಎಂಬ, ಸುಖದ ಕಲಿಕೆಗೆ ಸಂಬಂಧಿಸಿದ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಗಾಬಾ (ಇತರ ಕೋಶಗಳ ಚಟುವಟಿಕೆಯನ್ನು ತಡೆಯುವ ರಾಸಾಯನಿಕ) ನರಕೋಶಗಳು ಸದಾ ಹತೋಟಿಯಲ್ಲಿಟ್ಟಿರುತ್ತವೆ. ಮಾರ್ಫಿನ್ ಈ ಗಾಬಾ ಕೋಶಗಳ ಮೇಲಿರುವ ಮ್ಯೂ ಗ್ರಾಹಕಗಳಿಗೆ (ಮಾರ್ಫಿನ್‌ನಂಥ ಔಷಧಗಳು ಕೂರುವ ತಾಣಗಳಿಗೆ) ಅಂಟಿಕೊಂಡು ಅವುಗಳನ್ನು ಸುಮ್ಮನಾಗಿಸುವುದರಿಂದ ಹತೋಟಿ ತಪ್ಪಿ, ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗದಲ್ಲಿ ಡೋಪಮೈನ್ ಪ್ರಮಾಣ ಏರುತ್ತದೆ. ಆ ಹೊತ್ತಿನಲ್ಲಿ ಸುತ್ತಲಿದ್ದ ಗೋಡೆ, ನೆಲ, ವಾಸನೆ ಎಲ್ಲವೂ ಔಷಧದ ಸುಖದೊಂದಿಗೆ ಬೆಸೆದುಕೊಳ್ಳುತ್ತವೆ. ಒಂದು ಕೋಣೆಯಲ್ಲಿ ಮಾರ್ಫಿನ್, ಇನ್ನೊಂದರಲ್ಲಿ ಬರೀ ಲವಣದ್ರಾವಣ ಪಡೆದ ಇಲಿಯನ್ನು ಕೊನೆಯ ದಿನ ಯಾವ ಚುಚ್ಚುಮದ್ದನ್ನೂ ಕೊಡದೆ ಬಿಟ್ಟರೆ ಅದು ಮೊದಲನೆಯ ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ.

ನೆನಪು ರೂಪುಗೊಳ್ಳಲು ಬೇಕಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಕಥೆ ಬೇರೆ. ದೀರ್ಘಕಾಲ ಮಾರ್ಫಿನ್ ಅಥವಾ ಹೆರಾಯಿನ್ ಪಡೆದ ಇಲಿಗಳಲ್ಲಿ ಅಲ್ಲಿ ಹೊಸ ನರಕೋಶಗಳು ಹುಟ್ಟುವುದು ಕಡಿಮೆಯಾಗುತ್ತದೆಂದು 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಲಿಕೆಗೆ ಆಧಾರವೆನ್ನಲಾಗುವ, ನರಸಂಧಿಗಳು ಬಹುಕಾಲ ಬಲಗೊಂಡಿರುವ ಪ್ರಕ್ರಿಯೆಯೂ ಅಂಥ ಇಲಿಗಳಲ್ಲಿ ಕುಗ್ಗುತ್ತದೆ.

ಉತ್ತರ 2
ಮೇಲಿನ ವಿವರಣೆ ಸರಿಯಾಗಿದೆ, ಆದರೆ ‘ಮರೆವು’ ಎಂಬುದನ್ನು ಅಷ್ಟು ಸುಲಭವಾಗಿ ಒಪ್ಪಬಾರದು. ಎತ್ತರದ ಹಲಗೆಯಿಂದ ಕೆಳಗಿಳಿದ ಚಿಟ್ಟಿಲಿಯ ಪಾದಕ್ಕೆ ಲಘು ವಿದ್ಯುತ್ ಆಘಾತ ಕೊಟ್ಟರೆ ಮರುದಿನ ಅದು ಇಳಿಯಲು ಹಿಂಜರಿಯುತ್ತದೆ. ತರಬೇತಿಗೆ ಮುಂಚೆ ಮಾರ್ಫಿನ್ ಪಡೆದದ್ದು ಮಾತ್ರ ಏನೂ ಆಗಿಲ್ಲವೆಂಬಂತೆ ಇಳಿದುಬಿಡುತ್ತದೆ. ಅದೇ ಚಿಟ್ಟಿಲಿಗೆ ಪರೀಕ್ಷೆಗೆ ಮುಂಚೆಯೂ ಮಾರ್ಫಿನ್ ಕೊಟ್ಟರೆ? ಮತ್ತೆ ಹಿಂಜರಿಯುತ್ತದೆ. ಅಂದರೆ ನೆನಪು ಅಳಿದಿರಲಿಲ್ಲ, ಔಷಧವಿಲ್ಲದ ಸ್ಥಿತಿಯಲ್ಲಿ ಕೈಗೆ ಸಿಗುತ್ತಿರಲಿಲ್ಲ ಅಷ್ಟೆ.

ಇನ್ನೊಂದು ತೊಡಕೂ ಇದೆ. ಮಾರ್ಫಿನ್ ನೋವುನಿವಾರಕವಾದ್ದರಿಂದ ಆಘಾತವೇ ಸರಿಯಾಗಿ ತಟ್ಟದಿರಬಹುದು. ಆದ್ದರಿಂದಲೇ ಎಚ್ಚರಿಕೆಯುಳ್ಳ ಪ್ರಯೋಗಕಾರರು ತರಬೇತಿ ಮುಗಿದ ಬಳಿಕ ಔಷಧ ಕೊಡುತ್ತಾರೆ. ಹಾಗೆ ಕೊಟ್ಟಾಗಲೂ ಮಾರ್ಫಿನ್ ನೆನಪನ್ನು ದುರ್ಬಲಗೊಳಿಸುತ್ತದೆ, ಅದರ ವಿರೋಧಿಯಾದ ನಲಾಕ್ಸೋನ್ ಬಲಪಡಿಸುತ್ತದೆ. ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾಕ್ಕೆ ನಲಾಕ್ಸೋನ್ ಜೊತೆ, ನಾರ್‌ಅಡ್ರಿನಲಿನ್ ಎಂಬ ನರರಾಸಾಯನಿಕದ ಕ್ರಿಯೆಯನ್ನು ತಡೆಯುವ ಪ್ರೊಪ್ರನೊಲಾಲ್ ಔಷಧವನ್ನು ಸೇರಿಸಿ ಕೊಟ್ಟರೆ ಈ ಲಾಭ ಇಲ್ಲವಾಗುವುದರಿಂದ, ಇದರಲ್ಲಿ ನಾರ್‌ಅಡ್ರಿನಲಿನ್‌ನ ಪಾತ್ರವಿದೆ ಎಂಬುದು ಸ್ಪಷ್ಟ. ನನ್ನ ದೃಷ್ಟಿಯಲ್ಲಿ ಪ್ರಮಾಣಕ್ಕಿಂತ ಮೊದಲು ಕೇಳಬೇಕಾದದ್ದು, ಔಷಧ ಕೊಟ್ಟದ್ದು ಯಾವಾಗ ಎಂಬುದನ್ನು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹಾಗಾದರೆ ಔಷಧಕ್ಕೆ ದೇಹ ಒಗ್ಗಿಕೊಳ್ಳುವುದರಲ್ಲಿಯೂ ಕಲಿಕೆಯ ಪಾಲಿದೆಯೇ?

ಉತ್ತರ 2
ಇದೆ. 1982ರಲ್ಲಿ ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಅದನ್ನು ಕೊಟ್ಟಾಗ, ಹಿಂದೆ ಹೆರಾಯಿನ್ ಪಡೆಯುತ್ತಿದ್ದ ಕೋಣೆಯಲ್ಲೇ ಇದ್ದವುಗಳಲ್ಲಿ ಸುಮಾರು ಶೇ. 32 ಸತ್ತರೆ, ಹೆರಾಯಿನ್‌ಗೆ ಸಂಬಂಧವಿಲ್ಲದ ಕೋಣೆಯಲ್ಲಿದ್ದವುಗಳಲ್ಲಿ ಶೇ. 64 ಸತ್ತವು. ಎಂದೂ ಹೆರಾಯಿನ್ ಪಡೆಯದ ಇಲಿಗಳಲ್ಲಿ ಈ ಪ್ರಮಾಣ ಶೇ. 96.